ದಂಪತಿಗೆ ಯಾವ ಬರ್ತ್ ಹಿತ? ಹೌರಾದಿಂದ ಊರಿಗೆ ಹೊರಡುವವರು ತಿಳಿದಿರಬೇಕಾದ ಲೆಕ್ಕ

ಹೌರಾ: ಮಗಳ ಬಾಣಂತನ, ಮನೆದೇವರ ಪೂಜೆ, ಅಣ್ಣನ ಮಗನ ಮದುವೆ ಹೀಗೆ ಏನಾದರೊಂದು ನೆಪದಲ್ಲಿ ವರ್ಷಕ್ಕೊಮ್ಮೆಯಾದರೂ ಊರಿನ ಕಡೆ ಮುಖ ಮಾಡುವುದು ಹೌರಾ ಹಾಗೂ ಹೂಗ್ಲಿಯಾಚೆ ಕೋಲ್ಕತ್ತಾದಲ್ಲಿ ನೆಲೆಸಿರುವ ಕನ್ನಡಿಗರ ವಾಡಿಕೆ. ಮಕ್ಕಳ ವಿದ್ಯಾಭ್ಯಾಸ, ಮನೆಸಾಲ ಎಲ್ಲ ಮುಗಿದ ಮೇಲೆ, ‘ಇಷ್ಟು ವರ್ಷ ಸ್ಲೀಪರಿನಲ್ಲಿ ಹೋದದ್ದಾಯಿತು, ಈ ಬಾರಿಯಾದರೂ ಇಬ್ಬರೇ ನೆಮ್ಮದಿಯಾಗಿ ಫಸ್ಟ್ ಎಸಿಯಲ್ಲಿ ಹೋಗೋಣ’ ಎಂದು ನಿರ್ಧರಿಸುವ ದಂಪತಿಗಳು ಕಡಿಮೆಯೇನಲ್ಲ. ಹೊಸದಾಗಿ ಮದುವೆಯಾದ ಜೋಡಿಗಳಂತೂ ಸರಿಯೇ ಸರಿ. ಆದರೆ ಫಸ್ಟ್ ಎಸಿ ಟಿಕೆಟ್ ಎಂದರೆ ಗಂಡ-ಹೆಂಡತಿಗೆ ಪ್ರತ್ಯೇಕ ಕೋಣೆ ಎಂದೇ ಹಲವರು ತಿಳಿದಿರುತ್ತಾರೆ. ಬೋಗಿ ಹತ್ತಿದ ಮೇಲೆ ಅಪರಿಚಿತರಿಬ್ಬರು ಎದುರಿಗೆ ಬಂದು ಕುಳಿತಾಗ ನಿರಾಶೆಯಾಗುತ್ತದೆ. ಬೆಂಗಳೂರಿಗೆ ಸುಮಾರು ಎರಡು ಸಾವಿರ ಕಿ.ಮೀ. ದಾರಿ. ಒಂದೆರಡು ರಾತ್ರಿ ರೈಲಿನಲ್ಲೇ ಕಳೆಯಬೇಕಾದುದರಿಂದ ಬರ್ತ್ ವಿಷಯವನ್ನು ಮೊದಲೇ ತಿಳಿದುಕೊಂಡು ಹೊರಡುವುದು ಒಳ್ಳೆಯದು.

ಕೂಪೆ ಮತ್ತು ಕ್ಯಾಬಿನ್

ಫಸ್ಟ್ ಎಸಿ ಬೋಗಿಯಲ್ಲಿ ಎರಡು ಬಗೆಯ ಕೋಣೆಗಳಿರುತ್ತವೆ. ನಾಲ್ಕು ಬರ್ತ್‌ಗಳದ್ದು ಕ್ಯಾಬಿನ್, ಎರಡು ಬರ್ತ್‌ಗಳದ್ದು ಕೂಪೆ. ಎರಡಕ್ಕೂ ಜಾರುವ ಬಾಗಿಲು ಹಾಗೂ ಒಳಗಿನಿಂದ ಚಿಲಕವಿರುತ್ತದೆ. ಸೈಡ್ ಬರ್ತ್ ಎಂಬುದು ಇಲ್ಲಿಲ್ಲ. ಕೂಪೆಗೂ ಕ್ಯಾಬಿನ್ನಿಗೂ ದರ ಒಂದೇ. ಕ್ಯಾಬಿನ್ ಸಿಕ್ಕಿತೆಂದು ಹಣ ವಾಪಸು ಕೇಳಲು ಬರುವುದಿಲ್ಲ, ಕೂಪೆ ಸಿಕ್ಕಿತೆಂದು ಹೆಚ್ಚು ತೆರಬೇಕಾಗಿಯೂ ಇಲ್ಲ.

ಮುಖ್ಯವಾದ ಸಂಗತಿಯೆಂದರೆ, ಕೂಪೆಯನ್ನು ಕೇಳಬಹುದೇ ಹೊರತು ಕೊಂಡುಕೊಳ್ಳಲಾಗದು. ಸೆಕೆಂಡ್ ಎಸಿ, ಥರ್ಡ್ ಎಸಿ ಟಿಕೆಟ್ ಖಚಿತವಾದಾಗಲೇ ಬೋಗಿ ಮತ್ತು ಬರ್ತ್ ಸಂಖ್ಯೆ ಗೊತ್ತಾಗುತ್ತದೆ. ಫಸ್ಟ್ ಎಸಿಯಲ್ಲಿ ಹಾಗಲ್ಲ. ಟಿಕೆಟ್‌ನಲ್ಲಿ ‘ಖಚಿತ’ ಎಂದಷ್ಟೇ ಇರುತ್ತದೆ. ಯಾರಿಗೆ ಯಾವ ಕೋಣೆ ಎಂಬುದು ಚಾರ್ಟ್ ತಯಾರಾಗುವಾಗ ರೈಲ್ವೆ ಸಿಬ್ಬಂದಿಯ ಕೈಯಲ್ಲಿ ತೀರ್ಮಾನವಾಗುತ್ತದೆ. ಗಣ್ಯರ ಕೋಟಾ, ಒಂಟಿ ಮಹಿಳೆಯರ ಸುರಕ್ಷತೆ, ಮಕ್ಕಳೊಂದಿಗಿನ ಸಂಸಾರ ಎಲ್ಲವನ್ನೂ ಅವರು ಹೊಂದಿಸಬೇಕಾಗುತ್ತದೆ.

ಹಾಗಿದ್ದರೂ ದಂಪತಿಗಳು ಮಾಡಬಹುದಾದ ಮೂರು ಕೆಲಸಗಳಿವೆ. ಮೊದಲನೆಯದು, ಇಬ್ಬರ ಹೆಸರೂ ಒಂದೇ ಪಿಎನ್‌ಆರ್‌ನಲ್ಲಿರಬೇಕು, ಆ ಪಿಎನ್‌ಆರ್‌ನಲ್ಲಿ ಮೂರನೆಯ ಹೆಸರು ಇರಬಾರದು. ಅತ್ತೆ, ಭಾವ ಎಲ್ಲರನ್ನೂ ಒಂದೇ ಟಿಕೆಟ್‌ಗೆ ಸೇರಿಸಿದರೆ ಎರಡು ಬರ್ತ್‌ನ ಕೂಪೆ ಸಿಗುವ ಮಾತೇ ಬರದು. ಎರಡನೆಯದು, ಟಿಕೆಟ್ ಕಾಯ್ದಿರಿಸುವಾಗ ಬರ್ತ್ ಆಯ್ಕೆಯ ಜಾಗದಲ್ಲಿ ‘ಕೂಪೆ’ ಎಂದು ನಮೂದಿಸುವುದು. ಮೂರನೆಯದು, ರೈಲು ಹೊರಡುವ ನಿಲ್ದಾಣದ ಮೀಸಲಾತಿ ಮೇಲ್ವಿಚಾರಕರಿಗೆ ಪಿಎನ್‌ಆರ್ ಸಂಖ್ಯೆ ಬರೆದು, ‘ನಾವು ದಂಪತಿ, ಕೂಪೆ ದೊರೆತರೆ ಉಪಕಾರ’ ಎಂದು ಒಂದು ಅರ್ಜಿ ಕೊಡುವುದು. ಅರ್ಜಿಯನ್ನು ಚಾರ್ಟ್ ಆಗುವ ಮೊದಲೇ ಕೊಡಬೇಕು. ಹಿಂದೆ ರೈಲು ಹೊರಡುವ ನಾಲ್ಕು ಗಂಟೆ ಮುಂಚೆ ಆಗುತ್ತಿದ್ದ ಮೊದಲ ಚಾರ್ಟ್ 2025ರಿಂದ ಅದಕ್ಕೂ ಸಾಕಷ್ಟು ಮೊದಲೇ ಆಗುತ್ತಿದೆ. ಬೆಳಗಿನ ರೈಲುಗಳಿಗಂತೂ ಹಿಂದಿನ ದಿನ ರಾತ್ರಿಯೇ. ಆದ್ದರಿಂದ ಹೊರಡುವ ದಿನ ಓಡಾಡಿ ಪ್ರಯೋಜನವಿಲ್ಲ.

ಮಂಡಿನೋವು ಇದ್ದವರಿಗೆ ಕೂಪೆ ಬೇಡ

ಇಲ್ಲೇ ಹಿರಿಯ ದಂಪತಿಗಳು ಒಂದು ಕ್ಷಣ ಯೋಚಿಸಬೇಕು. ಕೂಪೆಯಲ್ಲಿ ಇರುವುದು ಒಂದು ಕೆಳಗಿನ ಬರ್ತ್, ಅದರ ಮೇಲೆ ಇನ್ನೊಂದು. ಅಂದರೆ ಇಬ್ಬರಲ್ಲಿ ಒಬ್ಬರು ಮೇಲೆ ಹತ್ತಲೇಬೇಕು. ಇಪ್ಪತ್ತೈದರ ಜೋಡಿಗೆ ಅದು ಕಷ್ಟವಲ್ಲ. ಅರವತ್ತು ದಾಟಿದವರಿಗೆ, ರಾತ್ರಿ ಎರಡು ಮೂರು ಸಲ ಶೌಚಾಲಯಕ್ಕೆ ಏಳಬೇಕಾದವರಿಗೆ, ಮಂಡಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ, ಓಡುವ ರೈಲಿನಲ್ಲಿ ಕತ್ತಲಲ್ಲಿ ಇಳಿಯುವುದೆಂದರೆ ಬೀಳುವ ಭಯ ಇದ್ದದ್ದೇ. ಮದುವೆ ಮನೆಗೆ ಹೊರಟವರು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರುವಂತಾಗಬಾರದಲ್ಲವೇ? ಇಬ್ಬರಿಗೂ ಹತ್ತಲಾಗದಿದ್ದರೆ ಬಾಗಿಲು ಹಾಕಿಕೊಳ್ಳುವ ಕೂಪೆಗಿಂತ ಎದುರುಬದುರಾದ ಎರಡು ಕೆಳಗಿನ ಬರ್ತ್‌ಗಳೇ ಲೇಸು. ಅವು ಫಸ್ಟ್ ಎಸಿಯ ಕ್ಯಾಬಿನ್‌ನಲ್ಲೂ ಇವೆ, ಅದಕ್ಕಿಂತ ಕಡಿಮೆ ಹಣಕ್ಕೆ ಸೆಕೆಂಡ್ ಎಸಿಯಲ್ಲೂ ಇವೆ. ಸೆಕೆಂಡ್ ಎಸಿಯಲ್ಲಿ ಬರ್ತ್ ಸಂಖ್ಯೆ ಮೊದಲೇ ತಿಳಿಯುವ ಅನುಕೂಲ ಬೇರೆ.

ಸೆಕೆಂಡ್ ಎಸಿ, ಥರ್ಡ್ ಎಸಿ ಮತ್ತು ಸ್ಲೀಪರ್ ದರ್ಜೆಗಳಲ್ಲಿ ಹಿರಿಯರಿಗಾಗಿ ಕೆಳ ಬರ್ತ್ ಕೋಟಾ ಇದೆ. ಗಂಡಸರಿಗೆ 60, ಹೆಂಗಸರಿಗೆ 45 ವರ್ಷ ತುಂಬಿರಬೇಕು. ಟಿಕೆಟ್‌ನಲ್ಲಿ ಒಬ್ಬರು ಅಥವಾ ಇಬ್ಬರು ಮಾತ್ರ ಇರಬೇಕು, ಇಬ್ಬರಿದ್ದರೆ ಇಬ್ಬರೂ ಅರ್ಹರಾಗಿರಬೇಕು. ಉದಾಹರಣೆಗೆ ಪತಿಗೆ 62, ಪತ್ನಿಗೆ 56 ಆಗಿದ್ದರೆ ಅಡ್ಡಿಯಿಲ್ಲ. ಪತಿಗೆ 58 ಆಗಿದ್ದರೆ ಈ ಕೋಟಾ ಇಬ್ಬರಿಗೂ ಒಟ್ಟಿಗೆ ದೊರೆಯದು. ಅಂಥವರು ಸಾಮಾನ್ಯ ಕೋಟಾದಲ್ಲೇ ‘ಎರಡು ಕೆಳ ಬರ್ತ್ ಸಿಕ್ಕರೆ ಮಾತ್ರ ಟಿಕೆಟ್’ ಎಂಬ ಆಯ್ಕೆಯನ್ನು ಗುರುತಿಸಬಹುದು. ಹಿರಿಯ ನಾಗರಿಕರ ದರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತುಹೋಯಿತು, ಆದರೆ ಈ ಕೆಳ ಬರ್ತ್ ಸೌಲಭ್ಯ ಮುಂದುವರಿದಿದೆ.

ಸಂಖ್ಯೆ ನೋಡಿ ಬರ್ತ್ ತಿಳಿಯುವುದು

ಬರ್ತ್ ಸಂಖ್ಯೆ ಕೈಗೆ ಬಂದಾಗ ಅದು ಎಲ್ಲಿದೆ ಎಂದು ತಿಳಿಯಲು ಸಣ್ಣ ಭಾಗಾಕಾರ ಸಾಕು. ಸೆಕೆಂಡ್ ಎಸಿಯಲ್ಲಿ ಸಂಖ್ಯೆಯನ್ನು 6ರಿಂದ ಭಾಗಿಸಿ. ಶೇಷ 1 ಅಥವಾ 3 ಬಂದರೆ ಕೆಳಗಿನದು, 2 ಅಥವಾ 4 ಬಂದರೆ ಮೇಲಿನದು, 5 ಬಂದರೆ ಸೈಡ್ ಕೆಳಗಿನದು, ಶೇಷ ಉಳಿಯದಿದ್ದರೆ ಸೈಡ್ ಮೇಲಿನದು. 25 ಮತ್ತು 27 ಎಂದಿದ್ದರೆ ಅವು ಎದುರುಬದುರಾದ ಕೆಳ ಬರ್ತ್‌ಗಳು, ಹಿರಿಯ ದಂಪತಿಗೆ ಹೇಳಿ ಮಾಡಿಸಿದಂಥವು. ಬೋಗಿಯ ನಡುಭಾಗದಲ್ಲಿರುವುದರಿಂದ ಬಾಗಿಲಿನ ಸದ್ದು, ಶೌಚಾಲಯದ ವಾಸನೆಯೂ ದೂರ. ಸಾಮಾನ್ಯ ಥರ್ಡ್ ಎಸಿಯಲ್ಲಾದರೆ 8ರಿಂದ ಭಾಗಿಸಬೇಕು. ಶೇಷ 1 ಮತ್ತು 4 ಕೆಳಗಿನವು, 2 ಮತ್ತು 5 ನಡುವಿನವು, 3 ಮತ್ತು 6 ಮೇಲಿನವು, 7 ಬಂದರೆ ಸೈಡ್ ಕೆಳಗಿನದು, ಶೇಷವಿಲ್ಲದಿದ್ದರೆ ಸೈಡ್ ಮೇಲಿನದು.

ಕಿರಿಯ ದಂಪತಿಗಳಲ್ಲಿ ಕೆಲವರು ಸೆಕೆಂಡ್ ಎಸಿಯ ಸೈಡ್ ಬರ್ತ್‌ಗಳನ್ನೇ ಇಷ್ಟಪಡುತ್ತಾರೆ. ಹಗಲಿನಲ್ಲಿ ಕಿಟಕಿಯ ಬಳಿ ಇಬ್ಬರೇ ಎದುರುಬದುರಾಗಿ ಕೂರಬಹುದು, ರಾತ್ರಿ ಪರದೆ ಎಳೆದುಕೊಳ್ಳಬಹುದು. ಕೂಪೆ ಸಿಗದವರಿಗೆ ಇದೇ ಬಡವರ ಕೂಪೆ ಎನ್ನಬಹುದು. ಆದರೆ ಎತ್ತರದ ಆಳಿಗೆ ಕಾಲು ಚಾಚಲು ಸಾಲದು, ಓಣಿಯಲ್ಲಿ ಓಡಾಡುವವರ ಮೈ ತಗಲುವುದೂ ತಪ್ಪದು.

ದರದ ಲೆಕ್ಕ

ದುರಂತೋ ರೈಲಿನಲ್ಲಿ ಹೊರಡುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 2016ರ ಸೆಪ್ಟೆಂಬರ್‌ನಿಂದ ಈ ರೈಲುಗಳಲ್ಲಿ ಬರ್ತ್‌ಗಳು ಮಾರಾಟವಾದಂತೆ ಸೆಕೆಂಡ್ ಎಸಿ, ಥರ್ಡ್ ಎಸಿಯ ಮೂಲ ದರ ಏರುತ್ತ ಹೋಗುತ್ತದೆ. ಫಸ್ಟ್ ಎಸಿಗೆ ಈ ಏರಿಕೆ ಇಲ್ಲ. ತಡವಾಗಿ ಕಾಯ್ದಿರಿಸುವವರಿಗೆ ಎರಡರ ನಡುವಿನ ಅಂತರ ಎಷ್ಟೋ ಕಡಿಮೆಯಾಗಿ ಕಾಣುತ್ತದೆ. ಬೇಗ ಕಾಯ್ದಿರಿಸುವವರಿಗೆ ಸೆಕೆಂಡ್ ಎಸಿಯೇ ಲಾಭ. ಮುಂಗಡ ಕಾಯ್ದಿರಿಸುವ ಅವಧಿ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನ ಆಗಿದೆ. ಫಸ್ಟ್ ಎಸಿಯಲ್ಲಿ ಬರ್ತ್‌ಗಳೇ ಕಡಿಮೆ ಇರುವುದರಿಂದ ಕಾಯುವ ಪಟ್ಟಿಯ ಟಿಕೆಟ್ ನಂಬಿ ಕೂರುವುದು ಜಾಣತನವಲ್ಲ.

ವಿಮಾನದಲ್ಲಾದರೆ

ಮಕ್ಕಳು ಕಳಿಸಿದ ಬಿಸಿನೆಸ್ ಕ್ಲಾಸ್ ಟಿಕೆಟ್‌ನಲ್ಲಿ ಹೋಗುವವರಿಗೂ ಲೆಕ್ಕ ಹೆಚ್ಚುಕಡಿಮೆ ಇದೇ. ಬೆಂಗಳೂರಿಗೆ ಹಾರುವಂಥ ಒಂದೇ ಓಣಿಯ ವಿಮಾನಗಳ ಬಿಸಿನೆಸ್ ಕ್ಲಾಸ್‌ನಲ್ಲಿ ಸಾಮಾನ್ಯವಾಗಿ ಎರಡೆರಡು ಆಸನಗಳು ಜೋಡಿಯಾಗಿರುತ್ತವೆ, ಚಿಂತೆಯಿಲ್ಲ. ದುಬೈ, ದೋಹಾ ಮಾರ್ಗವಾಗಿ ವಿದೇಶಕ್ಕೆ ಹೋಗುವ ದೊಡ್ಡ ವಿಮಾನಗಳಲ್ಲಿ ಒಂದು-ಎರಡು-ಒಂದು ಎಂಬ ಜೋಡಣೆಯಿದ್ದರೆ ನಡುವಿನ ಜೋಡಿ ಆಸನ ಹಿಡಿಯಬೇಕು. ಆಗ ಇಬ್ಬರಿಗೂ ಓಣಿ ಸಿಗುತ್ತದೆ, ಯಾರೂ ಯಾರನ್ನೂ ದಾಟಿ ಏಳಬೇಕಾಗಿಲ್ಲ. ಎರಡು-ಮೂರು-ಎರಡು ಎಂದಿದ್ದರೆ ಕಿಟಕಿ ಕಡೆಯ ಜೋಡಿಯೇ ಸರಿ, ನಡುವಿನ ಮೂರರಲ್ಲಿ ಸಿಕ್ಕಿಕೊಳ್ಳಬಾರದು. ವಿಮಾನದಲ್ಲಿ ನಕ್ಷೆ ನೋಡಿ ಆಸನ ಆರಿಸುವ ಅವಕಾಶವಿದೆ, ಫಸ್ಟ್ ಎಸಿ ಪ್ರಯಾಣಿಕರಿಗೆ ಅದೊಂದೇ ಇಲ್ಲ.

ಹೊರಡುವ ದಿನ

ಮೊದಲು ಯಶವಂತಪುರಕ್ಕೆ ಹೋಗುತ್ತಿದ್ದ ಹೌರಾದ ರೈಲುಗಳು ಈಗ 2022ರಲ್ಲಿ ಆರಂಭವಾದ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ಗೆ ಹೋಗುತ್ತವೆ. ಕರೆದೊಯ್ಯಲು ಬರುವ ನೆಂಟರಿಗೆ ಇದನ್ನು ತಿಳಿಸಿರಬೇಕು. ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿ ಕಡೆಗೆ ಅಮರಾವತಿ ಎಕ್ಸ್‌ಪ್ರೆಸ್ ಹಿಡಿಯುವವರು ಟಿಕೆಟ್‌ನಲ್ಲಿ ಹೌರಾ ಎಂದಿದೆಯೋ ಶಾಲಿಮಾರ್ ಎಂದಿದೆಯೋ ನೋಡಿಕೊಳ್ಳಬೇಕು. ಕೋಲ್ಕತ್ತಾ ಕಡೆಯಿಂದ ಬರುವ ಹಿರಿಯರಿಗೆ 2024ರ ಮಾರ್ಚ್‌ನಿಂದ ನದಿಯಡಿಯ ಮೆಟ್ರೊ ಇದೆ, ಸೇತುವೆಯ ಮೇಲಿನ ವಾಹನದಟ್ಟಣೆಗೆ ಹೆದರಬೇಕಾಗಿಲ್ಲ. ಇಷ್ಟಾದರೂ ಮೇಲಿನ ಬರ್ತೇ ಸಿಕ್ಕಿತೆಂದಿಟ್ಟುಕೊಳ್ಳಿ, ಟಿಟಿಇ ಬಂದೊಡನೆ ವಯಸ್ಸು, ತೊಂದರೆ ಹೇಳಿ ಕೇಳಬೇಕು. ಖಾಲಿ ಉಳಿದ ಕೆಳ ಬರ್ತ್ ಇದ್ದರೆ ಹಿರಿಯರಿಗೆ ಕೊಡುವ ಅಧಿಕಾರ ಅವರಿಗಿದೆ. ಎದುರಿಗೆ ಕುಳಿತ ಬಂಗಾಳಿ ಹುಡುಗನನ್ನು ನಯವಾಗಿ ಕೇಳಿಕೊಂಡರೆ ಅದಕ್ಕೂ ಮೊದಲೇ ಕೆಲಸವಾಗುವುದುಂಟು. ಊರು ತಲುಪುವಾಗ ಇಬ್ಬರೂ ಮೈಕೈ ನೋವಿಲ್ಲದೆ ಇಳಿಯುವಂತಾದರೆ ಕೊಟ್ಟ ಹಣ ಸಾರ್ಥಕ.