ಚಳಿ ಒಂದೇ, ನೋವು ಮೂರು

ಡಿಸೆಂಬರ್ ಬಂತೆಂದರೆ ಹೊಸಕೋಟೆ ಬಳಿಯ ಪಿಲ್ಲಗುಂಪೆಯ ಆಸುಪಾಸಿನಲ್ಲಿ ಎರಡು ಬಗೆಯ ದುಡಿಮೆ ಒಂದೇ ಹೊತ್ತಿಗೆ ಶುರುವಾಗುತ್ತದೆ. ಕೈಗಾರಿಕಾ ಪ್ರದೇಶದ ಮೊದಲ ಪಾಳಿಯವರು ಕತ್ತಲಿರುವಾಗಲೇ ಬೈಕು ಹತ್ತುತ್ತಾರೆ, ಇಲ್ಲವೇ ಕಂಪನಿ ಬಸ್ಸಿಗೆ ಕಾಯುತ್ತ ರಸ್ತೆಬದಿ ನಿಲ್ಲುತ್ತಾರೆ. ಸುತ್ತಲಿನ ಹಳ್ಳಿಗಳಲ್ಲಿ ಅದೇ ಹೊತ್ತಿಗೆ ಹೆಂಗಸರು ಕೊಟ್ಟಿಗೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಹಾಲು ಕರೆದು, ಡೇರಿಗೆ ಹಾಕಿ, ಇಬ್ಬನಿ ಆರುವ ಮೊದಲೇ ರಾಗಿ ಕುಯಿಲಿಗೋ ಹೂವಿನ ತೋಟಕ್ಕೋ ಹೊರಡುತ್ತಾರೆ. ಒಬ್ಬರದು ಸಿಮೆಂಟ್ ನೆಲದ ಮೇಲೆ ಎಂಟು ಗಂಟೆ ನಿಲ್ಲುವ ಕೆಲಸ, ಇನ್ನೊಬ್ಬರದು ದಿನವಿಡೀ ಸೊಂಟ ಬಗ್ಗಿಸುವ ಕೆಲಸ. ಸಂಜೆಗೆ ಇಬ್ಬರ ಬಾಯಲ್ಲೂ ಒಂದೇ ಮಾತು: "ಚಳಿಗೆ ಮೈಯೆಲ್ಲ ಹಿಡ್ಕೊಂಡಿದೆ." ಇಬ್ಬರೂ ಮಾಡಿಕೊಳ್ಳುವ ಮದ್ದೂ ಒಂದೇ. ಒಂದಿಷ್ಟು ಮುಲಾಮು, ಬಿಸಿನೀರಿನ ಶಾಖ, ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಅಂಗಡಿಯ ಮಾತ್ರೆ.

ನನ್ನ ತಕರಾರು ಇರುವುದು ಈ ಒಂದೇ ಮದ್ದಿನ ಬಗ್ಗೆ. ಸ್ನಾಯು, ಕೀಲು, ನರ ಮೂರರ ನೋವೂ ಚಳಿಗಾಲದಲ್ಲಿ ಕಾಡುತ್ತದೆ. ಆದರೆ ಒಂದಕ್ಕೆ ಹಿತವಾದದ್ದು ಇನ್ನೊಂದರಲ್ಲಿ ಕಾಲನ್ನೇ ಕಳೆಯುವಷ್ಟು ಹಾನಿ ಮಾಡಬಹುದು. ಹಾಗಾಗಿ ಮೊದಲು ಗುರುತಿಸಬೇಕಾದ್ದು ಇದು ಯಾವ ನೋವು ಎಂಬುದನ್ನು. ಒತ್ತಿದರೆ ನೋಯುವ, ಬಿಗಿದುಕೊಂಡ, ಕೆಲಸದ ಮಾರನೆಯ ದಿನ ಜೋರಾಗಿ ಎರಡು ಮೂರು ದಿನದಲ್ಲಿ ಇಳಿಯುವ ನೋವು ಬಹುಮಟ್ಟಿಗೆ ಸ್ನಾಯುವಿನದು. ಕೂತು ಏಳುವಾಗ, ಮೆಟ್ಟಿಲು ಇಳಿಯುವಾಗ, ಬೆಳಿಗ್ಗೆ ಬೆರಳು ಮಡಿಸುವಾಗ ಗಂಟುಗಳಲ್ಲೇ ಕಾಣಿಸುವುದು ಕೀಲಿನದು. ಉರಿ, ಚುಚ್ಚು, ಜೋಮು, ಇರುವೆ ಹರಿದಂಥ ಅನುಭವ, ಸೊಂಟದಿಂದ ಹೊರಟು ತೊಡೆಯ ಹಿಂಬದಿಯಲ್ಲಿ ಪಾದದವರೆಗೆ ಇಳಿಯುವ ಸೆಳೆತ, ರಾತ್ರಿ ಮಲಗಿದ ಮೇಲೆ ಹೆಚ್ಚಾಗುವ ಅಂಗಾಲಿನ ಉರಿ, ಇವೆಲ್ಲ ನರದವು. ಒಬ್ಬರಲ್ಲೇ ಎರಡು ಮೂರು ಸೇರಿಕೊಂಡಿರುವುದೂ ಉಂಟು. ಆದರೂ ಯಾವುದು ಮೇಲುಗೈ ಎಂದು ಅನುಭವಿಸುವವರಿಗೆ ಗೊತ್ತಾಗುತ್ತದೆ.

ಇಷ್ಟಕ್ಕೂ ನಮ್ಮದು ಎಂಥ ಚಳಿ? ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ. ಅದು 1884ರ ಜನವರಿ 13ರಂದು. ಈಗಿನ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನಗರದ ಸರಾಸರಿ 15–16 ಡಿಗ್ರಿ. ಕಟ್ಟಡಗಳ ಕಾವಿಲ್ಲದ ಹೊಸಕೋಟೆ, ದೇವನಹಳ್ಳಿಯ ಬಯಲಿನಲ್ಲಿ ಅದಕ್ಕಿಂತ ಕೆಳಗೆ. ಮಧ್ಯಾಹ್ನ ಮಾತ್ರ 27ರ ಸುಮಾರಿನ ಬಿಸಿಲು. ಹಿಮ ಬೀಳುವ ದೇಶದವರಿಗೆ ಇದು ಚಳಿಯೇ ಅಲ್ಲ. ಆದರೆ ಆ ಮನೆಗಳಲ್ಲಿ ಒಳಗೆ ಕಾವಿರುತ್ತದೆ. ನಮ್ಮ ಶೀಟಿನ ಮನೆ, ಕಲ್ಲು ಚಪ್ಪಡಿಯ ಮನೆ, ಬೇಸಿಗೆಗೆಂದು ಕಟ್ಟಿಕೊಂಡ ಕಿಟಕಿಗಳು ರಾತ್ರಿಯ ತಂಪನ್ನು ಹಾಗೇ ಒಳಗೆ ಬಿಟ್ಟುಕೊಳ್ಳುತ್ತವೆ. ಬೆಳಗಿನ ಐದು ಗಂಟೆಗೆ ಬೈಕಿನ ಮೇಲೆ ಮೈಗೆ ಬಡಿಯುವ ಗಾಳಿಯ ತಂಪು ಥರ್ಮಾಮೀಟರಿನ ಲೆಕ್ಕಕ್ಕಿಂತ ಬಹಳ ಹೆಚ್ಚು.

ಹವಾಮಾನಕ್ಕೂ ನೋವಿಗೂ ನಂಟಿದೆಯೇ ಎಂಬುದು ಹಳೆಯ ವಾದ. 1996ರಲ್ಲಿ ರೆಡೆಲ್ಮೈಯರ್ ಮತ್ತು ಟ್ವೆರ್ಸ್ಕಿ ಎಂಬ ಸಂಶೋಧಕರು 18 ಜನ ಸಂಧಿವಾತದ ರೋಗಿಗಳನ್ನು ಹದಿನೈದು ತಿಂಗಳು ಗಮನಿಸಿ, ನಂಟೇನೂ ಕಾಣುವುದಿಲ್ಲ, ಜನ ಹಾಗೆ ನಂಬುತ್ತಾರೆ ಅಷ್ಟೇ ಎಂದರು. 2019ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು 2,658 ಜನರಿಂದ ದಿನದಿನದ ನೋವಿನ ಲೆಕ್ಕವನ್ನು ಮೊಬೈಲಿನಲ್ಲೇ ಬರೆಸಿಕೊಂಡು ನೋಡಿದಾಗ ಬೇರೆ ಉತ್ತರ ಬಂತು. ಗಾಳಿಯಲ್ಲಿ ತೇವ ಹೆಚ್ಚಿ, ಒತ್ತಡ ಇಳಿದು, ಗಾಳಿ ಜೋರಾದ ದಿನಗಳಲ್ಲಿ ನೋವು ತುಸು ಹೆಚ್ಚು. ತಾಪಮಾನ ಒಂದರಿಂದಲೇ ಅಂಥ ವ್ಯತ್ಯಾಸ ಕಾಣಲಿಲ್ಲ. ಈ ಕೊನೆಯ ಮಾತು ನನಗೆ ಮುಖ್ಯ ಎನಿಸುತ್ತದೆ. ಚಳಿ ನಮ್ಮಿಂದ ಏನು ಮಾಡಿಸುತ್ತದೆ ನೋಡಿ: ಮುದುರಿ ಕೂರಿಸುತ್ತದೆ, ನಡಿಗೆ ನಿಲ್ಲಿಸುತ್ತದೆ, ನೀರು ಕುಡಿಯುವುದನ್ನು ಮರೆಸುತ್ತದೆ. ನೋವಿನಲ್ಲಿ ದೊಡ್ಡ ಪಾಲು ಇವುಗಳದ್ದೇ ಇರಬಹುದು. ಇವನ್ನು ತಿದ್ದಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಹಾಗೆಂದು ಚಳಿಗೆ ತನ್ನದೇ ಕೆಲಸ ಇಲ್ಲವೆಂದಲ್ಲ. ತಂಪಿಗೆ ಕೈಕಾಲಿನ ರಕ್ತನಾಳಗಳು ಕಿರಿದಾಗುತ್ತವೆ, ಸ್ನಾಯು ಬಿಗಿಯುತ್ತದೆ, ಕೀಲಿನೊಳಗಿನ ಜಾರುದ್ರವ ಗಟ್ಟಿಯಾಗುತ್ತದೆ. ನರಗಳ ವೇಗವೇ ತಗ್ಗುತ್ತದೆ. ಮುಂಗೈಯ ನರದಲ್ಲಿ ಸಂದೇಶ ಸೆಕೆಂಡಿಗೆ 50–60 ಮೀಟರ್ ಓಡುತ್ತದೆ. ಚರ್ಮದ ಕಾವು ಒಂದು ಡಿಗ್ರಿ ಇಳಿದರೆ ಅದು ಸುಮಾರು 2 ಮೀಟರ್ ಕುಗ್ಗುತ್ತದೆ. ನರಗಳ ವೇಗ ಅಳೆಯುವ ಪರೀಕ್ಷೆಗೆ ಹೋದವರ ಕೈ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿಯೇ ಪರೀಕ್ಷೆ ಶುರು ಮಾಡುವುದು ಇದಕ್ಕೇ. ಗ್ರೈಂಡಿಂಗ್ ಮೆಷಿನ್ನಿನಂಥ ಅದುರುವ ಯಂತ್ರ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿದವರಲ್ಲಿ ಕೆಲವರಿಗೆ ಚಳಿಯ ಬೆಳಗಿನಲ್ಲಿ ಬೆರಳ ತುದಿ ಬೆಳ್ಳಗಾಗಿ, ಮರಗಟ್ಟಿ, ಆಮೇಲೆ ಕೆಂಪಾಗಿ ನೋಯುತ್ತದೆ. ಇದು ದಣಿವಲ್ಲ, ಕೆಲಸದಿಂದ ಬಂದ ಕಾಯಿಲೆ. ಕೈಗವಸು ಹಾಕಬೇಕು, ಬೀಡಿ ಸಿಗರೇಟು ಬಿಡಬೇಕು, ಕಾರ್ಖಾನೆಯ ವೈದ್ಯರಿಗೆ ಹೇಳಿ ಕೆಲಸ ಬದಲಿಸಿಕೊಳ್ಳುವ ದಾರಿ ಹುಡುಕಬೇಕು.

ಇನ್ನು ಶಾಖದ ಮಾತು. ಲಕ್ಕಿ ಸೊಪ್ಪು ಬೇಯಿಸಿ ಕೊಡುವ ಕಾವು, ಹರಳೆಣ್ಣೆ ಸವರಿದ ಎಕ್ಕದ ಎಲೆ, ಬಾಣಲೆಯಲ್ಲಿ ಹುರಿದ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಒತ್ತುವುದು, ನೀರೊಲೆಯ ಹಂಡೆಯಿಂದ ತೋಡಿ ಹುಯ್ಯುವ ನೀರು, ಇವೆಲ್ಲ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದವು. ಬಿಗಿದ ಸ್ನಾಯುವಿಗೂ ಸವೆದ ಮಂಡಿಗೂ ಇವು ನಿಜಕ್ಕೂ ಹಿತ. ಕಾವಿಗೆ ರಕ್ತ ಹರಿಯುತ್ತದೆ, ಸ್ನಾಯು ಸಡಿಲಾಗುತ್ತದೆ. ಹದಿನೈದು ಇಪ್ಪತ್ತು ನಿಮಿಷ ಸಾಕು. ಆದರೆ ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿರುವ ಕೀಲಿಗೆ ಶಾಖ ಬೇಡ. ಆಗಷ್ಟೇ ಉಳುಕಿದ ಕಾಲಿಗೂ ಬೇಡ, ಅದಕ್ಕೆ ತಣ್ಣೀರ ಬಟ್ಟೆ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಸಕ್ಕರೆ ಕಾಯಿಲೆಯವರಿಗೆ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಪಾದದ ನರಗಳು ಸಾಯುತ್ತ ಬರುತ್ತವೆ. ಮೊದಲು ಉರಿ, ಆಮೇಲೆ ಜೋಮು, ಕಡೆಗೆ ಚಪ್ಪಲಿ ಜಾರಿಬಿದ್ದದ್ದೂ ತಿಳಿಯದ ಸ್ಥಿತಿ. ಚರ್ಮದಲ್ಲಿ ಸುಮಾರು 43 ಡಿಗ್ರಿಯಾಚೆಗಿನ ಬಿಸಿಯನ್ನು ನೋವಾಗಿ ತಿಳಿಸುವ ಒಂದು ಗ್ರಾಹಕವಿದೆ. ಮೆಣಸಿನಕಾಯಿಯ ಖಾರಕ್ಕೂ ಅದೇ ಎಚ್ಚರಗೊಳ್ಳುತ್ತದೆ. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಬಂತು, ಸ್ಪರ್ಶದ ಗ್ರಾಹಕ ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರ ಜೊತೆಗೆ. ಆ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ನರವೇ ಸತ್ತಿದ್ದರೆ ನೀರು ಕುದಿಯುತ್ತಿದ್ದರೂ ಕಾಲು ಹೇಳುವುದಿಲ್ಲ. ಚಳಿಗಾಲದಲ್ಲಿ ಅಂಗಾಲು ತಣ್ಣಗಾಯಿತೆಂದು ಬಕೆಟ್ಟಿನ ಬಿಸಿನೀರಿಗೆ ಕಾಲಿಟ್ಟವರಿಗೆ, ಬಿಸಿನೀರಿನ ಬ್ಯಾಗು ಕಾಲಿಗಿಟ್ಟು ನಿದ್ದೆ ಹೋದವರಿಗೆ, ಒಲೆಯ ಮುಂದೆ ಕಾಲು ಚಾಚಿದವರಿಗೆ ಬೊಬ್ಬೆ ಏಳುವುದು ಹೀಗೆ. ಆ ಬೊಬ್ಬೆ ಒಡೆದು, ಮಾಯದೆ, ಬೆರಳು ಅಥವಾ ಪಾದ ತೆಗೆಯಬೇಕಾದ ಹಂತಕ್ಕೆ ಹೋಗುವುದಿದೆ. ಅಂಥವರು ಪಾದಕ್ಕೆ ಶಾಖ ಕೊಟ್ಟುಕೊಳ್ಳಲೇಬಾರದು. ಸ್ನಾನದ ನೀರನ್ನು ಮನೆಯ ಬೇರೆಯವರು ಮುಟ್ಟಿ ನೋಡಲಿ, ಇಲ್ಲವೇ ಮೊಣಕೈಯಿಂದ ಪರೀಕ್ಷಿಸಲಿ. ಕಾಲಿಗೆ ಸಡಿಲ ಹತ್ತಿ ಕಾಲುಚೀಲ ಸಾಕು. ರಾತ್ರಿ ಮಲಗುವ ಮುನ್ನ ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು, ಬಗ್ಗಲಾಗದಿದ್ದರೆ ಮಗಳೋ ಸೊಸೆಯೋ ಮೊಮ್ಮಗನೋ ನೋಡಬೇಕು. ಪಾದದ ಸ್ಪರ್ಶಜ್ಞಾನ ಉಳಿದಿದೆಯೇ ಎಂದು ತಿಳಿಯಲು ವೈದ್ಯರ ಬಳಿ ಒಂದು ನೈಲಾನ್ ಎಳೆ ಇರುತ್ತದೆ. ಎರಡು ನಿಮಿಷದ ಪರೀಕ್ಷೆ, ನೋವಿಲ್ಲ. ಕೇಳಿ ಮಾಡಿಸಿಕೊಳ್ಳಿ.

ಕೆಂಡದ ಬಾಣಲೆಯನ್ನು ಮುಚ್ಚಿದ ಕೋಣೆಯೊಳಗೆ ಇಟ್ಟುಕೊಂಡು ಮಲಗುವುದನ್ನಂತೂ ಯಾರೂ ಮಾಡಬಾರದು. ಅದರ ಹೊಗೆಯಿಲ್ಲದ ಅನಿಲ ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಮುಲಾಮು ಹಚ್ಚಿದಾಗ ಆಗುವ ತಂಪು, ಉರಿ ಚರ್ಮದ ಅನುಭವ. ಪುದೀನ ಸತ್ವ ತಂಪಿನ ಗ್ರಾಹಕವನ್ನು ಎಚ್ಚರಿಸುತ್ತದೆ, ಅಷ್ಟೇ. ಆ ಸಮಾಧಾನ ಸುಳ್ಳಲ್ಲ, ಹಚ್ಚಿಕೊಳ್ಳಿ. ಆದರೆ ಅದರ ಮೇಲೆ ಬಿಗಿಯಾಗಿ ಬಟ್ಟೆ ಸುತ್ತಿ ಬಿಸಿ ಬ್ಯಾಗು ಇಡಬೇಡಿ, ಚರ್ಮ ಸುಡುತ್ತದೆ.

ನರದ ನೋವಿಗೆ ಮಾಮೂಲಿ ನೋವಿನ ಮಾತ್ರೆ ಹೆಚ್ಚು ಕೆಲಸ ಮಾಡುವುದಿಲ್ಲ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅದಕ್ಕೆ ಬೇರೆಯೇ ಔಷಧಗಳಿವೆ, ವೈದ್ಯರೇ ಬರೆದುಕೊಡಬೇಕು. ಸಕ್ಕರೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿರುವವರಲ್ಲಿ ಬಿ12 ಜೀವಸತ್ವ ಕುಗ್ಗುವುದಿದೆ, ಮಾಂಸ ಮೊಟ್ಟೆ ತಿನ್ನದವರಲ್ಲಿ ಇನ್ನೂ ಬೇಗ. ಅದರ ಕೊರತೆಯಿಂದಲೂ ಕಾಲು ಉರಿಯುತ್ತದೆ, ಜೋಮು ಹಿಡಿಯುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುವ ಸಂಗತಿಯನ್ನು ಚಳಿಯ ತಲೆಗೆ ಕಟ್ಟಿ ನಾಲ್ಕು ಚಳಿಗಾಲ ನರಳುವುದು ಬೇಡ.

ಕೀಲಿನ ನೋವಿನಲ್ಲಿ ಗಡಿಯಾರ ನೋಡಿ. ಬೆಳಿಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾದರೆ ಅದು ಸಾಮಾನ್ಯವಾಗಿ ಸವೆತದ ನೋವು. ಗಂಟೆ ದಾಟಿಯೂ ಬೆರಳು ಮಡಿಸಲಾಗದೆ, ಎರಡೂ ಕೈಯ ಸಣ್ಣ ಕೀಲುಗಳು ಊದುತ್ತಿದ್ದರೆ ರುಮಟಾಯ್ಡ್ ಸಂಧಿವಾತದ ಅನುಮಾನ. ಅದು ಮೈಯ ರಕ್ಷಣಾ ವ್ಯವಸ್ಥೆಯೇ ಕೀಲನ್ನು ತಿನ್ನುವ ಕಾಯಿಲೆ, ಹೆಂಗಸರಲ್ಲಿ ಹೆಚ್ಚು. ಮೊದಲ ಕೆಲವೇ ತಿಂಗಳಲ್ಲಿ ಚಿಕಿತ್ಸೆ ಶುರುವಾದರೆ ಬೆರಳು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಅದಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಮಾತ್ರೆ. ತಪ್ಪಾಗಿ ದಿನವೂ ನುಂಗಿದರೆ ಪ್ರಾಣಾಪಾಯ. ಇನ್ನು 2006ರಲ್ಲಿ ಚಿಕೂನ್‌ಗುನ್ಯ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಾಗಿ ಹಬ್ಬಿತ್ತು. ಜ್ವರ ಹೋದ ಮೇಲೂ ತಿಂಗಳು, ವರ್ಷಗಳ ಕಾಲ ಗಂಟು ಹಿಡಿಯುವುದು ಆ ಕಾಯಿಲೆಯ ಗುಣ.

ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ದುಡಿಯಲು ಬಂದವರಲ್ಲಿ ಇನ್ನೊಂದು ಸಾಧ್ಯತೆಯನ್ನೂ ನೋಡಬೇಕು. ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ವರ್ಷಗಳ ಮೇಲೆ ಬೆನ್ನು, ಕತ್ತು, ಮಂಡಿ ಸೆಟೆದುಕೊಳ್ಳುತ್ತವೆ. ನೋಡಿದರೆ ಸಂಧಿವಾತದಂತೆಯೇ ಇರುತ್ತದೆ. ಅದಕ್ಕೆ ಮೊದಲ ಮದ್ದು ಕುಡಿಯುವ ನೀರನ್ನು ಬದಲಿಸುವುದು.

ಸವೆತದ ಮಂಡಿಗೆ ವಿಶ್ರಾಂತಿಯೇ ಮದ್ದೆಂದು ಕಂಬಳಿ ಹೊದ್ದು ಕೂತರೆ ತೊಡೆಯ ಸ್ನಾಯು ಸೊರಗಿ, ಭಾರವೆಲ್ಲ ಮಂಡಿಯ ಮೇಲೇ ಬೀಳುತ್ತದೆ. ಹಾಸಿಗೆಯಿಂದ ಇಳಿಯುವ ಮುನ್ನವೇ ಪಾದ ಮೇಲೆ ಕೆಳಗೆ ಆಡಿಸಿ, ಮಂಡಿ ಮಡಿಸಿ ಬಿಡಿಸಿ. ಕುರ್ಚಿಯ ಮೇಲೆ ಕೂತು ಒಂದು ಕಾಲನ್ನು ನೇರ ಚಾಚಿ, ತೊಡೆ ಬಿಗಿ ಹಿಡಿದು ಐದರಿಂದ ಹತ್ತು ಎಣಿಸಿ ಇಳಿಸಿ. ಎರಡೂ ಕಾಲಿಗೆ ಹತ್ತು ಹತ್ತು ಸಲ, ಬೆಳಿಗ್ಗೆ ಸಂಜೆ. ದುಡ್ಡಿಲ್ಲದ ಈ ವ್ಯಾಯಾಮ ನೋವು ತಗ್ಗಿಸುತ್ತದೆ ಎನ್ನಲು ಗಟ್ಟಿ ಆಧಾರವಿದೆ. ಮೈತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ. ಹಾಲು ಕರೆಯುವಾಗ ಕುಕ್ಕರುಗಾಲಿನ ಬದಲು ಗಿಡ್ಡ ಸ್ಟೂಲು, ರಾಗಿ ಕುಯ್ಯುವಾಗ ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು ಸೊಂಟ ಹಿಂದಕ್ಕೆ ಬಾಗಿಸುವುದು, ಲೈನಿನಲ್ಲಿ ನಿಲ್ಲುವವರಿಗೆ ಕಾಲಡಿ ಒಂದು ರಬ್ಬರ್ ಮ್ಯಾಟು. ಕೊನೆಯದು ಕಂಪನಿಯವರು ಕೊಡಬೇಕಾದ್ದು, ಕೇಳಲು ಸಂಕೋಚ ಬೇಡ. ಹಿರಿಯರು ಕಿವಿಗೆ ಮಫ್ಲರ್ ಸುತ್ತಿಕೊಂಡು ಪಂಚೆಯ ಕೆಳಗೆ ಮಂಡಿ, ಪಾದಗಳನ್ನು ಬರಿದಾಗಿ ಬಿಡುತ್ತಾರೆ. ನೋಯುವ ಜಾಗಕ್ಕೂ ಒಂದು ಹೊದಿಕೆ ಇರಲಿ.

ಎಳೆಬಿಸಿಲು ಕಾಯಿಸಿಕೊಂಡರೆ ಬೆಚ್ಚಗಾಗುತ್ತದೆ, ಆದರೆ ಡಿ ಜೀವಸತ್ವ ಹುಟ್ಟುವುದು ನೆರಳು ನಮಗಿಂತ ಗಿಡ್ಡದಾಗುವ ಹೊತ್ತಿನ ಬಿಸಿಲಿನಲ್ಲಿ. ಕತ್ತಲಲ್ಲಿ ಒಳಗೆ ಹೋಗಿ ದಿನವೆಲ್ಲ ಶೆಡ್ಡಿನಲ್ಲಿರುವವರು ಊಟದ ವಿರಾಮದಲ್ಲಿ ಅಂಗಿಯ ತೋಳು ಮಡಚಿ ಹೊರಗೆ ನಿಲ್ಲಬೇಕು. ಅವರೆಕಾಳು ವಾಯು, ತಿಂದರೆ ಗಂಟು ಹಿಡಿಯುತ್ತದೆ ಎಂದು ಸೊಗಡಿನ ಕಾಲದಲ್ಲಿ ಬಾಯಿ ಕಟ್ಟಬೇಕಿಲ್ಲ. ಯೂರಿಕ್ ಆಮ್ಲದ ಗೌಟ್ ಇರುವವರಿಗೂ ತೊಂದರೆ ಹೆಚ್ಚಿಸುವುದು ಮಾಂಸ ಮತ್ತು ಬಿಯರು; ಕಾಳುಗಳಲ್ಲ.

ಮಾತ್ರೆಗಳ ಬಗ್ಗೆ ನನಗೆ ನಿಜವಾದ ಆತಂಕವಿದೆ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ, ಸತ್ತ ದನ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳ ಸಂತತಿಯನ್ನೇ ಅಳಿವಿನಂಚಿಗೆ ತಂದಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಲಾಯಿತು. ಮನುಷ್ಯನ ದೇಹ ಹದ್ದಿನದಷ್ಟು ಸೂಕ್ಷ್ಮವಲ್ಲ, ನಾಲ್ಕು ದಿನ ವೈದ್ಯರ ಮಾತಿನಂತೆ ನುಂಗಿದರೆ ತೊಂದರೆ ಅಪರೂಪ. ಆದರೆ ಬಿಪಿ, ಸಕ್ಕರೆ ಇರುವವರು, ನೀರು ಕಡಿಮೆ ಕುಡಿಯುವವರು ತಿಂಗಳುಗಟ್ಟಲೆ ನುಂಗಿದರೆ ಮೂತ್ರಪಿಂಡ, ಜಠರ ಎರಡಕ್ಕೂ ಪೆಟ್ಟು. ಹೆಸರಿಲ್ಲದ ಪೊಟ್ಟಣದ ಪುಡಿ, ಒಂದೇ ದಿನದಲ್ಲಿ ನೋವು ಮಾಯ ಮಾಡುವ ನಾಟಿ ಗುಳಿಗೆ ಇನ್ನೂ ಅಪಾಯ. ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಟೊಳ್ಳಾಗುವುದು ಅದರ ಫಲ. ಮುರಿದ ಮೂಳೆಗೆ ಹಾಕುವ ಪುತ್ತೂರು ಕಟ್ಟಿನ ಮೇಲೆ ನಂಬಿಕೆ ಇರುವವರೂ ಮಂಡಿ ಊದಿದ್ದಕ್ಕೆ, ಕಾಲು ಜೋಮು ಹಿಡಿದದ್ದಕ್ಕೆ ಬಿಗಿದು ಕಟ್ಟಿಸಿಕೊಳ್ಳಬಾರದು. ಅದು ಮುರಿದ ಮೂಳೆಯ ತೊಂದರೆಯಲ್ಲ.

ಕೆಲವು ನೋವುಗಳಿಗೆ ಕಾಯಬಾರದು. ಸೊಂಟನೋವಿನ ಜೊತೆ ಮೂತ್ರ ಕಟ್ಟಿದರೆ, ತೊಡೆಸಂದಿನಲ್ಲಿ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಅದೇ ದಿನ ಆಸ್ಪತ್ರೆಗೆ. ಜ್ವರದ ಜೊತೆ ಒಂದೇ ಕೀಲು ಊದಿದರೂ ಹಾಗೆಯೇ. ವಾರಗಟ್ಟಲೆ ಬೆನ್ನುನೋವು, ಸಂಜೆ ಜ್ವರ, ಇಳಿಯುವ ತೂಕ ಸೇರಿದರೆ ಬೆನ್ನುಮೂಳೆಯ ಕ್ಷಯ ಅಲ್ಲವೇ ಎಂದು ನೋಡಿಸಬೇಕು. ಚಳಿಯ ಬೆಳಗಿನಲ್ಲಿ ಎಡಗೈ, ಭುಜ, ದವಡೆ ಹಿಡಿದು ಬೆವರು ಬಂದರೆ ಮುಲಾಮು ಹುಡುಕಬೇಡಿ. ಹೃದಯಾಘಾತಗಳು ಚಳಿಯಲ್ಲಿ ಹೆಚ್ಚು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಗ ಸಿಗುವಂತೆ ರೂಪಿಸಲಾಗಿದೆ.

ಉಳಿದ ನೋವಿಗೆ ಹೊಸಕೋಟೆಯ ತಾಲ್ಲೂಕು ಆಸ್ಪತ್ರೆ ಇದೆ, ಹೆದ್ದಾರಿ ಬದಿಯ ಎಂವಿಜೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ ಕಾರ್ಖಾನೆ ನೌಕರರಿಗೆ, ಅವರನ್ನೇ ಅವಲಂಬಿಸಿದ ತಂದೆತಾಯಿಗೂ ಸೇರಿ, ಇಎಸ್‌ಐ ಸೌಲಭ್ಯವಿದೆ. ಸಂಬಳದ ಚೀಟಿಯಲ್ಲಿ ಆ ಹಣ ಹಿಡಿಯುತ್ತಿದ್ದಾರೆಯೇ ನೋಡಿಕೊಂಡು ಕಾರ್ಡು ಮಾಡಿಸಿಕೊಳ್ಳಿ. ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಮಾತ್ರೆ ಪಟ್ಟಿ, ಪುಡಿಯ ಪೊಟ್ಟಣ, ಎಣ್ಣೆಯ ಸೀಸೆ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಒಂದನ್ನೂ ಮುಚ್ಚಿಡದೆ ಮೇಜಿನ ಮೇಲಿಡಿ.