ನದೀ ದಡದ ದೊಡ್ಡ ತಾವರೆ

ಕೆರೆಯಲ್ಲಿ ಅರಳುವ ತಾವರೆ ನಮಗೆಲ್ಲ ಗೊತ್ತು. ಎಂಬತ್ತು ಸಾವಿರ ಜನ ಕೂರುವ ತಾವರೆಯ ವಿಷಯ ಕೇಳಿದ್ದೀರಾ? ಅದು ಇರುವುದು ಚೀನಾದ ಹಾಂಗ್‌ಝೌ ನಗರದಲ್ಲಿ, ಚಿಯಾಂಟಾಂಗ್ ನದಿಯ ದಡದ ಮೇಲೆ.

ರೇಷ್ಮೆಗೂ ಹಸಿರು ಚಹಕ್ಕೂ ಹೆಸರಾದ ಹಳೆಯ ಊರು ಅದು. ಅಲ್ಲಿಯ ಪಶ್ಚಿಮ ಸರೋವರದಲ್ಲಿ ಬೇಸಿಗೆ ಬಂತೆಂದರೆ ತಾವರೆಯೋ ತಾವರೆ. ಹೂವು ನೋಡಿ ಸುಮ್ಮನಾಗುವ ಜನವಲ್ಲ, ಗೆಡ್ಡೆಯನ್ನೂ ಹಿಟ್ಟು ಮಾಡಿಟ್ಟು, ನಾವು ಆರಾರೂಟ್ ಗಂಜಿ ಮಾಡುವ ಹಾಗೆ ಬಿಸಿನೀರಿನಲ್ಲಿ ಕದಡಿ ತಿನ್ನುತ್ತಾರೆ. ಇಂಥ ಊರಿನವರು ಕ್ರೀಡಾಂಗಣ ಕಟ್ಟಿಸುವಾಗ ತಾವರೆಯನ್ನೇ ಆರಿಸಿಕೊಂಡದ್ದರಲ್ಲಿ ಆಶ್ಚರ್ಯವೇನು!

28 ದೊಡ್ಡ ದಳ, 27 ಸಣ್ಣ ದಳ, ಎಲ್ಲಾ ಉಕ್ಕಿನವು. ಒಳಗೆ 80,800 ಆಸನಗಳು. ಪಕ್ಕದಲ್ಲೇ ಟೆನಿಸ್‌ಗೆಂದು ‘ಪುಟ್ಟ ತಾವರೆ’. ಅದರ ಚಾವಣಿಯ ದಳಗಳು ತಿರುಗಿ ತೆರೆದುಕೊಳ್ಳುತ್ತವೆ, ಮಳೆ ಬಂದರೆ ಮುಚ್ಚಿಕೊಳ್ಳುತ್ತವೆ. ಬಟ್ಟೆ ಒಣಹಾಕುವ ನಮ್ಮ ಮಹಡಿಗೂ ಇಂಥದ್ದೊಂದು ಇದ್ದಿದ್ದರೆ ಅನ್ನಿಸುತ್ತೆ, ಅಲ್ಲವೇ? 2023ರ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ, ತಮ್ಮ 43ನೇ ವಯಸ್ಸಿನಲ್ಲಿ, ಋತುಜಾ ಭೋಸಲೆಯ ಜೊತೆಗೂಡಿ ಮಿಶ್ರ ಡಬಲ್ಸ್ ಚಿನ್ನ ಗೆದ್ದದ್ದು ಹಾಂಗ್‌ಝೌನಲ್ಲೇ. ಮೊದಲ ಸೆಟ್ ಕಳೆದುಕೊಂಡು ಆಮೇಲೆ ಗೆದ್ದರು!

ಈಜುಕೊಳ ಮತ್ತು ಒಳಾಂಗಣ ಎರಡನ್ನೂ ಕೂಡಿಸಿ ಕಟ್ಟಿದ ಕಟ್ಟಡಕ್ಕೆ ರೆಕ್ಕೆ ಬಿಚ್ಚಿದ ಚಿಟ್ಟೆಯ ರೂಪ. ಚೀನಾದ ಝಾಂಗ್ ಯೂಫೈ ಆ ಕೂಟದಲ್ಲಿ ಆರು ಚಿನ್ನ ಗೆದ್ದಳು. ಆಕೆ ಹೆಸರು ಮಾಡಿದ್ದೂ ಚಿಟ್ಟೆ ಈಜಿನಲ್ಲೇ! ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಆಕೆಯ ಕಣ್ಣೀರು. ಜಪಾನಿನ ರಿಕಾಕೊ ಇಕೀ 2018ರ ಕೂಟದಲ್ಲಿ ಇದೇ ರೀತಿ ಆರು ಚಿನ್ನ ಗೆದ್ದಿದ್ದವಳು. ಮರುವರ್ಷವೇ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಹದಿನೆಂಟರ ಹುಡುಗಿ! ಚಿಕಿತ್ಸೆ ಮುಗಿಸಿ, ಕರಗಿದ ಮೈಯಲ್ಲಿ ಮತ್ತೆ ಬಲ ತುಂಬಿಕೊಂಡು ಹಾಂಗ್‌ಝೌಗೆ ಬಂದು 50 ಮೀಟರ್ ಚಿಟ್ಟೆ ಈಜಿನಲ್ಲಿ ಕಂಚು ಗೆದ್ದಳು. ಚಿನ್ನ ಗೆದ್ದ ಝಾಂಗ್ ಆಕೆಯನ್ನು ತಬ್ಬಿಕೊಂಡು ಅತ್ತುಬಿಟ್ಟಳು.

ಇಷ್ಟೆಲ್ಲ ದುಡ್ಡು ಸುರಿದು ಕಟ್ಟಿ, ಮದುವೆ ಮುಗಿದ ಮೇಲಿನ ಚಪ್ಪರದ ಹಾಗೆ ಆಗಿಬಿಟ್ಟರೆ ಅಂತ ಕೇಳುತ್ತೀರಿ. ಕೇಳಬೇಕಾದ್ದೇ. ಕೋವಿಡ್‌ನಿಂದ ಕೂಟ ಒಂದು ವರ್ಷ ಮುಂದೆ ಹೋದಾಗ, 2022ರಲ್ಲೇ, ಅಲ್ಲಿಯ ಎಷ್ಟೋ ಕ್ರೀಡಾಂಗಣಗಳನ್ನು ಊರಿನ ಜನಕ್ಕೆ ತೆರೆದರು. ಅತಿಥಿಗಳು ಬರುವ ಮುಂಚೆ ಮನೆಯವರೇ ಓಡಿದರು, ಈಜಿದರು.

ದೊಡ್ಡ ತಾವರೆಯ ಕಥೆ ಕಡೆಗಿಟ್ಟುಕೊಂಡಿದ್ದೇನೆ. 2023ರ ಅಕ್ಟೋಬರ್ 3ರ ಸಂಜೆ ಅಲ್ಲಿ ನಮ್ಮ ದೇಶದ ಇಬ್ಬರು ಹೆಣ್ಣುಮಕ್ಕಳು ಚಿನ್ನ ಗೆದ್ದರು. ಇಬ್ಬರೂ ಉತ್ತರ ಪ್ರದೇಶದ ಮೀರತ್ ಕಡೆಯ ರೈತರ ಮಕ್ಕಳು. ಅನ್ನು ರಾಣಿ ಎಳೆ ವಯಸ್ಸಿನಲ್ಲಿ ಕಬ್ಬಿನ ಜಲ್ಲೆಯನ್ನೇ ಭರ್ಜಿ ಮಾಡಿಕೊಂಡು ಎಸೆದು ಕಲಿತವಳು. ಆ ದಿನ 62.92 ಮೀಟರ್ ದೂರ ಎಸೆದಳು. ಏಷ್ಯನ್ ಕೂಟದ ಭರ್ಜಿ ಎಸೆತದಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ಮಹಿಳೆ ಆಕೆ.

ಪಾರುಲ್ ಚೌಧರಿಯದು 5,000 ಮೀಟರ್ ಓಟ. ಹಿಂದಿನ ದಿನವಷ್ಟೇ ಸ್ಟೀಪಲ್‌ಚೇಸ್ ಓಡಿ ಬೆಳ್ಳಿ ಗೆದ್ದಿದ್ದಳು, ಕಾಲಿಗೆ ಬಿಡುವೇ ಸಿಕ್ಕಿರಲಿಲ್ಲ. ಕೊನೆಯ ಸುತ್ತಿನಲ್ಲೂ ಜಪಾನಿನ ಹುಡುಗಿಯೇ ಮುಂದೆ. ಇನ್ನೇನು ಗೆರೆ ಬಂತು ಅನ್ನುವಾಗ ಪಾರುಲ್ ನುಗ್ಗಿ ದಾಟಿಬಿಟ್ಟಳು. ಆಗ ಮನಸ್ಸಿನಲ್ಲಿ ಏನಿತ್ತು ಅಂದರೆ, ತಮ್ಮ ರಾಜ್ಯದಲ್ಲಿ ಚಿನ್ನ ಗೆದ್ದವರಿಗೆ ಪೊಲೀಸ್ ಇಲಾಖೆಯಲ್ಲಿ ಡಿ.ಎಸ್.ಪಿ. ಹುದ್ದೆ ಕೊಡುತ್ತಾರೆ ಅನ್ನೋ ಯೋಚನೆ ಅಂತ ಆಕೆಯೇ ಆಮೇಲೆ ಹೇಳಿದಳು. 2024ರಲ್ಲಿ ಆ ಹುದ್ದೆಯ ಆದೇಶ ಕೈಗೆ ಬಂತು.