ಬೋನಿಗೆ ಬೀಳದ ಇಲಿಗಳ ಲೆಕ್ಕ

ಮೈಮೇಲೆ ಚಪ್ಪಟೆ ಮುಳ್ಳು, ಬಾಲದ ತುದಿಗೆ ಕುಂಚದಂಥ ಕೂದಲು ಇರುವ ಒಂದು ಪುಟ್ಟ ದಂಶಕ ಪಶ್ಚಿಮಘಟ್ಟದ ಮಳೆಕಾಡಿನಲ್ಲಿದೆ. ಮಲಬಾರ್ ಸ್ಪೈನಿ ಡಾರ್‌ಮೌಸ್ ಎಂದು ಅದರ ಹೆಸರು. 1859ರಲ್ಲಿ ಎಡ್ವರ್ಡ್ ಬ್ಲೈತ್ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದ. ಅದರ ಕುಲದಲ್ಲಿ ಬದುಕಿರುವುದು ಅದೊಂದೇ ಪ್ರಭೇದ. ಈ ಘಟ್ಟಗಳ ಹೊರಗೆ ಅದಕ್ಕೆ ನೆಲೆಯಿಲ್ಲ. ಹಗಲು ಮರದ ಪೊಟರೆಯಲ್ಲಿ ಮಲಗಿ ರಾತ್ರಿ ಕೊಂಬೆಗಳ ಮೇಲೆ ಓಡಾಡುತ್ತದೆ. ನೆಲದ ಮೇಲೆ ಬೋನು ಸಾಲಿಟ್ಟು ತಿಂಗಳುಗಟ್ಟಲೆ ಕಾದರೂ ಅದು ಸಿಗದೇ ಹೋಗಬಹುದು. ಸಿಗಲಿಲ್ಲವೆಂದು ‘ಈ ಕಾಡಿನಲ್ಲಿ ಇಲ್ಲ’ ಎಂದು ವರದಿ ಬರೆದು, ಆ ವರದಿ ನಂಬಿ ಮರ ಕಡಿದರೆ ಅದನ್ನು ತಿದ್ದಲು ಯಾರಿಂದಲೂ ಆಗದು.

ಹುಲಿ ಎಣಿಸುವವರಿಗೆ ಒಂದು ಅನುಕೂಲವಿದೆ. ದಾರಿಬದಿಯ ಮರಕ್ಕೆ ಕ್ಯಾಮೆರಾ ಕಟ್ಟಿದರೆ ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತಿಸಬಹುದು. ಇಲಿಯ ಚಿತ್ರದಿಂದ ಅದು ಯಾವ ಪ್ರಭೇದ ಎಂಬುದೇ ಎಷ್ಟೋ ಸಲ ತಿಳಿಯುವುದಿಲ್ಲ. ಹಾಗಾಗಿ ಜೀವಂತ ಹಿಡಿಯಬೇಕು. ಅದಕ್ಕೆ ಶರ್ಮನ್ ಬೋನು ಎಂಬ ಮಡಚಬಹುದಾದ ಅಲ್ಯೂಮಿನಿಯಂ ಪೆಟ್ಟಿಗೆ ಬಳಸುತ್ತಾರೆ. ಒಳಗೆ ಹುರಿದ ಕೊಬ್ಬರಿಯನ್ನೋ ಶೇಂಗಾ ಮುದ್ದೆಯನ್ನೋ ಇಡುತ್ತಾರೆ. ಚಳಿಯ ಜಾಗವಾದರೆ ಹತ್ತಿಯನ್ನೂ ತುರುಕುತ್ತಾರೆ. ಬೆಳಕು ಹರಿಯುತ್ತಲೇ ಹೋಗಿ ನೋಡಬೇಕು, ಬಿಸಿಲೇರಿದರೆ ಲೋಹದ ಪೆಟ್ಟಿಗೆಯೊಳಗಿನ ಜೀವ ಉಳಿಯದು. ಮರವಾಸಿಗಳಿಗಾಗಿ ಇವೇ ಬೋನುಗಳನ್ನು ಕೊಂಬೆಗಳಿಗೂ ಬಳ್ಳಿಗಳಿಗೂ ಬಿಗಿಯಬೇಕು. ದಿನವೂ ಅಷ್ಟೆತ್ತರ ಹತ್ತಿ ಇಳಿಯುವ ಕೆಲಸ ಕಷ್ಟದ್ದು, ಅದಕ್ಕೇ ಹೆಚ್ಚಿನ ಸಮೀಕ್ಷೆಗಳು ನೆಲದಲ್ಲೇ ನಿಲ್ಲುತ್ತವೆ.

ಸೊಂಡಿಲಿಗಳ ಕಥೆ ಬೇರೆ. ಹೆಸರಿನಲ್ಲಿ ಇಲಿ ಇದ್ದರೂ ಅವು ದಂಶಕಗಳಲ್ಲ, ಹುಳುಹುಪ್ಪಟೆ ತಿನ್ನುವ ಪ್ರತ್ಯೇಕ ಗುಂಪು. ಕೆಲವು ಎಷ್ಟು ಹಗುರವೆಂದರೆ ಅವು ತುಳಿದರೆ ಬೋನಿನ ಬಾಗಿಲು ಮುಚ್ಚುವುದೇ ಇಲ್ಲ. ಅವಕ್ಕಾಗಿ ಬಕೆಟ್ಟನ್ನು ನೆಲಮಟ್ಟಕ್ಕೆ ಹೂತು, ಪ್ಲಾಸ್ಟಿಕ್ ಹಾಳೆಯ ತಗ್ಗು ಬೇಲಿ ಕಟ್ಟುತ್ತಾರೆ. ಬೇಲಿಗೆ ಅಡ್ಡಬಂದ ಪ್ರಾಣಿ ಅದರ ಗುಂಟ ಸಾಗಿ ಬಕೆಟ್ಟಿಗೆ ಬೀಳುತ್ತದೆ. ಸೊಂಡಿಲಿಯ ದೇಹ ಶಕ್ತಿಯನ್ನು ಬಲುಬೇಗ ಸುಡುತ್ತದೆ, ಕೆಲವೇ ಗಂಟೆ ಉಪವಾಸ ಬಿದ್ದರೂ ಸಾಯಬಹುದು. ಆದ್ದರಿಂದ ರಾತ್ರಿಯೂ ಎದ್ದು ಹೋಗಿ ಬಕೆಟ್ ನೋಡಲೇಬೇಕು. ಇದರಲ್ಲಿ ರಿಯಾಯಿತಿ ಸಲ್ಲದು. ಉಳಿಸಲು ಹೊರಟವರ ಕೈಯಲ್ಲೇ ಅವು ಸಾಯಬಾರದು.

ಸಿಕ್ಕಿದ್ದರಿಂದ ಸಿಗದಿದ್ದದ್ದನ್ನು ಲೆಕ್ಕ ಹಾಕುವ ವಿಧಾನವೂ ಇದೆ. 20 ಇಲಿಗಳಿಗೆ ಗುರುತು ಹಾಕಿ ಬಿಟ್ಟೆವೆನ್ನಿ. ಮುಂದಿನ ಸರದಿಯಲ್ಲಿ ಸಿಕ್ಕ 25ರಲ್ಲಿ 5ಕ್ಕೆ ಗುರುತಿದ್ದರೆ, ಐದಕ್ಕೊಂದರಂತೆ, ಆ ಜಾಗದಲ್ಲಿ ಸುಮಾರು 100 ಇವೆಯೆಂದು ಅಂದಾಜು. ಆದರೆ ಕೊಬ್ಬರಿ ರುಚಿ ಹತ್ತಿದ ಇಲಿ ಮತ್ತೆ ಮತ್ತೆ ಬರುತ್ತದೆ, ಹೆದರಿದ್ದು ಆ ಕಡೆ ತಲೆ ಹಾಕುವುದಿಲ್ಲ. ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಅಣೆಕಟ್ಟು, ರಸ್ತೆಗಳಿಗಾಗಿ ಸಿದ್ಧವಾಗುವ ಪರಿಸರ ವರದಿಗಳಲ್ಲಿ ಪ್ರಾಣಿಗಳ ಪಟ್ಟಿಯ ಜೊತೆಗೆ ಯಾವ ಬೋನು, ಎಷ್ಟು ಎತ್ತರದಲ್ಲಿ, ಎಷ್ಟು ರಾತ್ರಿ ಎಂಬುದನ್ನೂ ಬರೆಯುವಂತೆ ಕಡ್ಡಾಯ ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1911ರಲ್ಲಿ ಆರಂಭಿಸಿದ ಸಸ್ತನಿ ಸಮೀಕ್ಷೆ ಧಾರವಾಡ, ಉತ್ತರ ಕನ್ನಡ, ಕೊಡಗುಗಳಲ್ಲೂ ನಡೆದಿತ್ತು. ಆಗ ಸಂಗ್ರಹಿಸಿದ್ದು ಚರ್ಮ ಮತ್ತು ತಲೆಬುರುಡೆ. ಸಂಜಯ್ ಮೋಳೂರ್ ಮತ್ತು ಮೇವಾ ಸಿಂಗ್ ಕೊಡಗಿನ ಸಣ್ಣ ಸಸ್ತನಿಗಳ ಬಗ್ಗೆ 2009ರಲ್ಲಿ ಪ್ರಕಟಿಸಿದ ಅಧ್ಯಯನ ಕಾಡನ್ನಷ್ಟೇ ಅಲ್ಲ, ತೋಟಗಳನ್ನೂ ಒಳಗೊಂಡಿತ್ತು. ಮಲೆನಾಡಿನಲ್ಲಿ ಕಾಡು ಮುಗಿದು ಕಾಫಿ ಶುರುವಾಗುವ ಗೆರೆ ಇಲಿಗೆ ಕಾಣಿಸುವುದಿಲ್ಲವಲ್ಲ.

ಆ ಗೆರೆಯಲ್ಲೇ ಮನುಷ್ಯರ ಆರೋಗ್ಯದ ಪ್ರಶ್ನೆಯೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಉಣುಗು. ಅದರ ಮರಿಗಳು ರಕ್ತ ಹೀರುವ ಪ್ರಾಣಿಗಳಲ್ಲಿ ಇಲಿ, ಸೊಂಡಿಲಿಗಳೂ ಸೇರಿವೆ. ಆ ವೈರಸ್ ಇವುಗಳಲ್ಲೂ ಸಿಕ್ಕಿದೆ. ಯಾವ ಊರಿನ ಅಂಚಿನಲ್ಲಿ ಯಾವ ಪ್ರಭೇದ ಹೆಚ್ಚಿದೆ ಎಂಬುದು ಅಲ್ಲಿ ಸೊಪ್ಪು ಕಡಿಯಲು ಹೋಗುವವರಿಗೂ ಸಂಬಂಧಿಸಿದ ವಿಷಯ.

ಪ್ರಭೇದ ಗುರುತಿಸುವುದಂತೂ ಸುಲಭವಲ್ಲ. ಮಾರ್ಟಿನ್ ಹಿಂಟನ್ 1918ರಲ್ಲಿ ಹೆಸರಿಟ್ಟ ಸತಾರಾ ಕಾಡಿಲಿಯನ್ನು ಬಹುಕಾಲ ನಮ್ಮ ಅಟ್ಟದ ಮೇಲಿನ ಇಲಿಯ ಉಪಪ್ರಭೇದವೆಂದೇ ಎಣಿಸಿದ್ದರು. ವರ್ಣತಂತು ಮತ್ತು ಜೀನುಗಳನ್ನು ಹೋಲಿಸಿದ ಅಧ್ಯಯನವೊಂದು 2011ರಲ್ಲಿ ಅದು ಬೇರೆಯೇ ಪ್ರಭೇದವೆಂದು ತೋರಿಸಿತು. ಒಂದು ಮನುಷ್ಯರ ಬೆನ್ನು ಹತ್ತಿ ಜಗತ್ತಿಡೀ ಹಬ್ಬಿದೆ, ಇನ್ನೊಂದು ಪಶ್ಚಿಮಘಟ್ಟದ ಕಾಡು ಬಿಟ್ಟು ಬೇರೆಲ್ಲೂ ಇಲ್ಲ. ಹಳೆಯ ಪಟ್ಟಿಗಳಲ್ಲಿ ಇವೆರಡೂ ಒಂದೇ ಹೆಸರಿನಡಿ ಸೇರಿಹೋಗಿರಬಹುದು. ಅದಕ್ಕೇ ಈಗ ಹಿಡಿದ ಪ್ರಾಣಿಯ ತೂಕ, ಬಾಲದ ಮತ್ತು ಹಿಂಗಾಲಿನ ಉದ್ದ ಬರೆದುಕೊಂಡು, ಡಿಎನ್‌ಎ ಪರೀಕ್ಷೆಗೆಂದು ಕಿವಿಯಂಚಿನ ಚೂರೊಂದನ್ನು ಆಲ್ಕೋಹಾಲಿನಲ್ಲಿ ಇಟ್ಟು, ಹಿಡಿದ ಜಾಗದಲ್ಲೇ ಅದನ್ನು ಬಿಡುತ್ತಾರೆ.